ಜೋಡಿ ತಂತಿಯ ಹಾಡು

ಕರೆಂಟ್ ಹೋಗಿ ದೊಡ್ಡಬಳ್ಳಾಪುರದ ಆ ಬೀದಿಯ ಮಗ್ಗಗಳೆಲ್ಲ ನಿಂತಾಗ, ಸಿಂಚನಳ ಗಿಟಾರ್ ಮೊದಲ ಸಲ ಮನೆಯವರ ಕಿವಿಗೆ ಬಿತ್ತು. ಅವಳು ಹಾಡನ್ನು ಅರ್ಧಕ್ಕೇ ನಿಲ್ಲಿಸಿದಳು.

"ಯಾಕಮ್ಮಾ ಬಿಟ್ಬಿಟ್ಟೆ?" ಮಗ್ಗದ ಬಳಿಯಿಂದ ಬೆವರು ಒರೆಸುತ್ತ ಬಂದ ಅಪ್ಪ ಸಂಜೀವಪ್ಪ ಕೇಳಿದರು.

"ಇದು ಮಾಮೂಲಿ ಗಿಟಾರ್ ಅಲ್ಲ, ಹನ್ನೆರಡು ತಂತೀದು. ತಂತಿಗಳೆಲ್ಲ ಜೋಡಿ ಜೋಡಿ ಕಣಪ್ಪಾ. ಫಾಸ್ಟ್ ಸಾಂಗ್ ಯಾವ್ದು ನುಡಿಸಿದ್ರೂ ಸದ್ದು ಒಂದ್ರ ಮೇಲೊಂದು ಬಿದ್ದು ಕಲಸಿಹೋಗುತ್ತೆ. ನಾಳೆ ಕಾಲೇಜ್ ಫಂಕ್ಷನ್ನಲ್ಲಿ ನುಡಿಸಲ್ಲ ಅಂತ ಹೇಳ್ಬಿಡ್ತೀನಿ."

ಸಂಜೀವಪ್ಪ ಅವಳ ಪಕ್ಕ ಕುಳಿತು, ಹಿಂದೆ ಭಜನೆ ಮನೆಯಲ್ಲಿ ಹೇಳುತ್ತಿದ್ದ ಹಾಡೊಂದನ್ನು ಮೆಲ್ಲಗೆ ಎತ್ತಿಕೊಂಡರು. ಪ್ರತಿ ಸಾಲಿನ ಕೊನೆಗೂ ಉಸಿರಿಗಾಗಿ ನಿಲ್ಲುವ, ನಿಧಾನದ ಹಾಡು. ಸಿಂಚನ ಸಾಲಿಗೊಮ್ಮೆ ಮಾತ್ರ ಮೀಟಿದಳು. ಜೋಡಿ ತಂತಿಗಳ ನಾದ ಅಪ್ಪನ ಉಸಿರಿನ ಬಿಡುವನ್ನೆಲ್ಲ ತುಂಬಿ, ಮುಂದಿನ ಸಾಲಿನವರೆಗೂ ಅವರನ್ನು ಕೈಹಿಡಿದು ಕರೆದೊಯ್ದಿತು. ಅವಳ ಮುಖ ಅರಳಿತು.

ಅಷ್ಟರಲ್ಲಿ ದೀಪ ಹತ್ತಿತು. ಬೀದಿಯ ಮಗ್ಗಗಳು ಒಂದೊಂದಾಗಿ ಬಡಿಯತೊಡಗಿದವು. ಸಂಜೆಯೊಳಗೆ ಸೀರೆ ಮುಗಿಯಲೇಬೇಕಿತ್ತು. ಸಂಜೀವಪ್ಪ ಎದ್ದು ಹೋಗಿ ಮಗ್ಗದ ಸ್ವಿಚ್ಚಿನ ಮೇಲೆ ಕೈಯಿಟ್ಟರು. ಸಿಂಚನ ಗಿಟಾರನ್ನು ಚೀಲಕ್ಕೆ ಹಾಕಲು ಹೊರಟಳು.

ಅವರು ಸ್ವಿಚ್ ಒತ್ತದೆಯೇ ಕೈ ತೆಗೆದು, ಬೀದಿ ಕಡೆಯ ಕಿಟಕಿ ಮುಚ್ಚಿದರು.

"ತಾಳಮ್ಮಾ, ಇನ್ನೊಂದ್ ಚರಣ ಐತೆ."