ಭುಜದ ಅಳತೆ

"ಮೆಲ್ಲಗೆ ನಡೀರಿ. ಕಳ್ಳನ ಹಿಂದೆ ಪೊಲೀಸರು ಬಿದ್ದ ಹಾಗೆ ಬೀಳಬೇಡಿ," ಎಂದು ಹೆಂಡತಿ ದರ್ಜಿಯ ತೋಳು ಹಿಡಿದು ಎಳೆದಳು.

ಕೆರೆಯ ಸುತ್ತಲಿನ ಉದ್ಯಾನದ ದಾರಿಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಅವರ ಸೊಸೆ ಒಬ್ಬ ಬಸ್ ಡ್ರೈವರನ ಜೊತೆ ನಡೆದು ಹೋಗುತ್ತಿದ್ದಳು. ಮಗ ತೀರಿಕೊಂಡು ಎರಡು ವರ್ಷವಾಗಿತ್ತು. ಸೊಸೆಗೆ ಈ ಸಂಬಂಧ ಹುಡುಕಿದವನು ದರ್ಜಿಯೇ. "ಮನೇಲಿ ಕೂತ್ರೆ ಇಬ್ಬರಿಗೂ ಬಾಯಿ ಕಟ್ಟುತ್ತೆ. ಕೆರೆಗೆ ಒಂದು ಸುತ್ತು ಹಾಕ್ಕೊಂಡು ಬನ್ನಿ, ಹೂಂ ಅನ್ನೋದೋ ಉಹೂಂ ಅನ್ನೋದೋ ಅಷ್ಟರಲ್ಲಿ ಗೊತ್ತಾಗುತ್ತೆ," ಎಂದವನೂ ಅವನೇ. ಈಗ ಗಾಳಿ ಸೇವನೆಗೆ ಬಂದವನಂತೆ ಕೈಗಳನ್ನು ಹಿಂದೆ ಕಟ್ಟಿಕೊಂಡಿದ್ದ. ಕಾಲು ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ.

"ಬಸ್ ಓಡಿಸೋನಂತೆ. ಆಮೆ ಹಾಗೆ ಹೋಗ್ತಿದಾನಲ್ಲೇ!"

"ಅವಳ ಹೆಜ್ಜೆಗೆ ಹೆಜ್ಜೆ ಹಾಕ್ತಿದಾನೆ. ನೀವು ಒಂದು ದಿನವಾದ್ರೂ ನನ್ನ ಪಕ್ಕ ಹಾಗೆ ನಡೆದದ್ದುಂಟಾ?"

ದರ್ಜಿ ಗದ್ದ ಎತ್ತಿ ಮುಂದೆ ತೋರಿಸಿದ. "ಆ ಅಂಗಿ ನೋಡೇ. ಭುಜ ಜಾರಿ ತೋಳಿಗೆ ಬಂದಿದೆ. ಯಾವ ಪುಣ್ಯಾತ್ಮ ಹೊಲಿದನೋ! ನಮ್ಮ ಮಗನ ಭುಜ ಹದಿನೆಂಟೂವರೆ ಇಂಚು. ಕಣ್ಣು ಮುಚ್ಚಿ ಹೊಲಿದ್ರೂ ಎರಕ ಹೊಯ್ದ ಹಾಗೆ ಕೂರ್ತಿತ್ತು."

"ಹುಡುಗನ್ನ ನೋಡಿ ಅಂದ್ರೆ ಅಂಗಿ ನೋಡ್ತೀರಲ್ಲ," ಎಂದಳು ಹೆಂಡತಿ. ಅವಳೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

ದಾರಿ ತಿರುಗಿದಲ್ಲಿ ಮರಗಳ ಮರೆಗೆ ಅವರಿಬ್ಬರೂ ಕಾಣದಾದರು. ದರ್ಜಿ ಬೆಂಚಿನ ಮೇಲೆ ಕುಳಿತ, ಎದ್ದ, ಮತ್ತೆ ಕುಳಿತ. ನೀರಿನ ಮೇಲೆ ಬಾತುಕೋಳಿಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಅವುಗಳ ಮೇಲೂ ಅವನಿಗೆ ಸಿಟ್ಟು ಬಂತು. ಅಂಗಡಿಯಲ್ಲಿ ತಾನು ಟೇಪು ಹಿಡಿದು ಅಳತೆ ಕೂಗುವುದು, ಸೊಸೆ ಮೂಲೆಯ ಸ್ಟೂಲಿನಲ್ಲಿ ಕೂತು ಬರೆದುಕೊಳ್ಳುವುದು, "ಇನ್ನೊಂದ್ಸಲ ಹೇಳಿ ಮಾವ, ಮಿಷನ್ ಸದ್ದಲ್ಲಿ ಕೇಳಲಿಲ್ಲ" ಎನ್ನುವುದು ನೆನಪಾಯಿತು. ಆ ಸ್ಟೂಲು ಖಾಲಿಯಾದರೆ? ಅವನು ಕಣ್ಣು ಮುಚ್ಚಿ ಕೈ ಮುಗಿದ. ತುಟಿ ಅಲುಗಾಡಿ, ನಿಂತುಬಿಟ್ಟಿತು.

"ಏನು ಬೇಡ್ಕೊಂಡ್ರಿ?"

"ಅರ್ಧ ಬೇಡ್ಕೊಂಡೆ. 'ದೇವರೇ, ನಮ್ಮ ಹುಡುಗಿ' ಅನ್ನೋವರೆಗೆ ಬಂತು. ಒಪ್ಪಲಿ ಅಂತ ಕೇಳಲೋ, ಬೇಡ ಅನ್ನಲಿ ಅಂತ ಕೇಳಲೋ, ತಿಳೀಲಿಲ್ಲ ಕಣೇ."

ಹೆಂಡತಿ ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದಳು. "ಉಳಿದರ್ಧ ನಾನು ಬೇಡ್ಕೊಂಡಿದೀನಿ, ಬಿಡಿ."

ಯಾವುದನ್ನೆಂದು ಅವನು ಕೇಳಲಿಲ್ಲ.

ಸುತ್ತು ಮುಗಿಸಿಕೊಂಡು ಅವರಿಬ್ಬರೂ ಬೆಂಚಿನ ಬಳಿಗೆ ಬಂದರು. ದರ್ಜಿ ಸೊಸೆಯ ಮುಖ ನೋಡಲಾರದೆ ಅವಳ ಚಪ್ಪಲಿ ನೋಡಿದ.

"ಮಾವ, ನಾನು ಒಪ್ಪಿದೀನಿ. ಅಂಗಡಿ ಮಾತ್ರ ಬಿಡಲ್ಲ ಅಂತ ಮೊದಲೇ ಹೇಳಿದೀನಿ. ಇವರೂ ಆಗಲಿ ಅಂದ್ರು."

ಡ್ರೈವರ್ ಭುಜದಿಂದ ಜಾರಿದ ಅಂಗಿಯನ್ನು ಮೇಲೆಳೆದುಕೊಂಡ.

"ಅದು ಎಳೆದ್ರೆ ಸರಿಹೋಗೋದಲ್ಲಪ್ಪ. ತಿರುಗಿ ನಿಲ್ಲು, ಮದುವೆ ಅಂಗಿ ನಾನೇ ಹೊಲೀತೀನಿ," ಎಂದು ದರ್ಜಿ ಜೇಬಿನಿಂದ ಟೇಪು ತೆಗೆದ. ವಾಕಿಂಗ್ ಬಂದವರು ನಿಂತು ನೋಡಿದರು. ಅವನು ಟೇಪನ್ನು ಈ ಭುಜದಿಂದ ಆ ಭುಜಕ್ಕೆ ಬಿಗಿಯಾಗಿ ಹಿಡಿದು, ಅಂಗಡಿಯಲ್ಲಿ ಕೂಗುವ ದನಿಯಲ್ಲೇ ಕೂಗಿದ: "ಬರ್ಕೊಳಮ್ಮ, ಭುಜ ಹದಿನೆಂಟೂವರೆ!"

ಹೆಂಡತಿ ಕೆರೆಯ ಕಡೆ ಮುಖ ತಿರುಗಿಸಿದಳು. ಸೊಸೆ ಹತ್ತಿರ ಬಂದು ಟೇಪಿನ ಮೇಲೆ ಹೆಬ್ಬೆರಳು ಇಟ್ಟಳು.

"ಹದಿನೇಳು, ಮಾವ," ಎಂದಳು ಮೆಲ್ಲಗೆ.

ದರ್ಜಿ ಕನ್ನಡಕಕ್ಕಾಗಿ ಜೇಬು ತಡಕಾಡಿದ. ಕನ್ನಡಕ ಮೂಗಿನ ಮೇಲೆಯೇ ಇತ್ತು.