ಬಲಗೈಯ ನಕಲು

ಕಬ್ಬಿಣದ ಬೀರು ತಯಾರಿಸುವ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಮರಿಯಪ್ಪನ ಬಲಗೈಗೆ ಒಂದು ವರ್ಷ ಸೆನ್ಸರ್ ಪಟ್ಟಿ ಕಟ್ಟಿದ್ದರು. ಕೈ ಆಡಿದ್ದೆಲ್ಲ ಕಂಪ್ಯೂಟರಿಗೆ ಸೇರುತ್ತಿತ್ತು. ಆ ಡೇಟಾ ಕೊಂಡವರ ರೋಬೋಟ್ ಅವನಂತೆಯೇ ಬಣ್ಣ ಹೊಡೆಯುತ್ತದಂತೆ. ಇನ್ನು ಬೀರು ಮಾರುವುದಕ್ಕಿಂತ ಇದರಲ್ಲೇ ಲಾಭ ಎನ್ನುತ್ತಿದ್ದ ಮ್ಯಾನೇಜರ್.

ಭುಜ ಹಿಡಿದುಕೊಳ್ಳತೊಡಗಿದಾಗ ಮರಿಯಪ್ಪ ಪರಿಹಾರ ಕೇಳಿದ.

"ನಿನ್ನ ಭುಜಕ್ಕೇನೂ ಆಗಿಲ್ಲ ಕಣಯ್ಯ. ನಾಟಕ ಆಡ್ಬೇಡ," ಎಂದ ಮ್ಯಾನೇಜರ್, ಅವನನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದ.

ಡೇಟಾ ಕೊಳ್ಳುವ ಗಿರಾಕಿಗಳು ರೋಬೋಟ್ ನೋಡಲು ಬಂದ ದಿನ, ಅವರ ಜೊತೆ ಫೋಟೊಗೆ ನಿಲ್ಲಲೆಂದು ಮರಿಯಪ್ಪನನ್ನು ಮತ್ತೆ ಕರೆಸಿದರು. ರೋಬೋಟಿನ ತೋಳು ಬೀರುವಿನ ಬಾಗಿಲಿಗೆ ಬಣ್ಣ ಹೊಡೆಯುತ್ತಿತ್ತು. ಮೂಲೆ ಬಂದಾಗ ಅವನ ಹಾಗೆಯೇ ಮಣಿಕಟ್ಟು ತಿರುಗಿಸುತ್ತಿತ್ತು. ಮರಿಯಪ್ಪ ಅದನ್ನು ನೋಡಿದ. ಅವನಿಗೆ ಏನೂ ಅನ್ನಿಸಲಿಲ್ಲ.

ಬಾಗಿಲು ಮುಗಿಯುವ ಮೊದಲೇ ತೋಳು ಕೆಳಗಿಳಿದು ಜೋತುಬಿತ್ತು. ಒಮ್ಮೆ ಕೊಡವಿಕೊಂಡು, ನಿಧಾನಕ್ಕೆ ಮೇಲೆದ್ದು ಕೆಲಸ ಮುಂದುವರಿಸಿತು. ಮುಂದಿನ ಬಾಗಿಲಿನಲ್ಲೂ ಹಾಗೇ ಮಾಡಿತು.

"ಏನ್ರೀ ಇದು? ಕೆಟ್ಟಿರೋ ಮಾಲು ಮಾರೋಕೆ ಕರೆಸಿದ್ರಾ?" ಗಿರಾಕಿಗಳಲ್ಲಿ ಹಿರಿಯಳಾದಾಕೆ ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಳು.

"ಅಯ್ಯೋ, ಕೆಟ್ಟಿಲ್ಲ ಮೇಡಂ!" ಮ್ಯಾನೇಜರ್ ಮರಿಯಪ್ಪನನ್ನು ಮುಂದಕ್ಕೆ ತಳ್ಳಿದ. "ಬೇಕಿದ್ರೆ ಇವನನ್ನೇ ಕೇಳಿ. ಇವನ ಕೈ ಹೆಂಗಿತ್ತೋ ಹಂಗೇ ಬಂದಿದೆ. ಕೆಲಸ ಮಾಡಿ ಮಾಡಿ ಭುಜ ಅಷ್ಟು ನೋಯ್ತಿತ್ತು, ಪಾಪ, ಇವನಿಗೆ."