ಕ್ಲಬ್ಬಿಗೆ ಬೇಡವಾದ ಚಂದಾ

"ಪರದೆ ಮೇಲೆ ಓದೋ ಪುಸ್ತಕಕ್ಕೆ ವರ್ಷಾ ವರ್ಷಾ ಚಂದಾ ಕಟ್ಬೇಕಾ? ನಮಗೇನು ತಲೆ ಕೆಟ್ಟಿದ್ಯಾ ಮಾರಾಯ?" ಕಾಫಿ ಬೆಳೆಗಾರರ ಕ್ಲಬ್ಬಿನ ಅಧ್ಯಕ್ಷ ರುದ್ರಪ್ಪ ಇಸ್ಪೀಟೆಲೆಯಿಂದ ಕಣ್ಣು ಕೀಳದೆಯೇ ನಕ್ಕರು. "ನಮ್ಮ ಲೈಬ್ರರಿಯಲ್ಲೇ ಸಾವಿರ ಪುಸ್ತಕ ಇದಾವೆ. ನಾವು ಓದಿ ಬೆಳೆದವರು ಕಣಯ್ಯ."

ಇ-ಪುಸ್ತಕದ ಚಂದಾ ಮಾಡಿಸಲು ಚಿಕ್ಕಮಗಳೂರಿನಿಂದ ಬಂದಿದ್ದ ವಿಘ್ನೇಶ ಲ್ಯಾಪ್‌ಟಾಪ್ ಮುಚ್ಚತೊಡಗಿದ.

ಸದಸ್ಯೆ ಶಂಕರಮ್ಮ ಎದ್ದು ಬಂದು, ಬಗ್ಗಿ, ಇಸ್ಪೀಟು ಮೇಜಿನ ಗಿಡ್ಡ ಕಾಲಿನಡಿ ಆಸರೆಗೆ ಕೊಟ್ಟಿದ್ದ ಪುಸ್ತಕವನ್ನು ಎಳೆದು ತೆಗೆದರು. ಮೇಜು ವಾಲಿ, ಗ್ಲಾಸು ಉರುಳಿ, ರುದ್ರಪ್ಪನವರ ಪ್ಯಾಂಟು ಒದ್ದೆಯಾಯಿತು.

"ಕ್ಲಬ್ಬಿನ ಮುದ್ರೆ ಇದೆ. ಇದನ್ನ ಎಲ್ಲೀವರೆಗೆ ಓದಿದೀರಿ, ರುದ್ರಪ್ಪನವ್ರೆ?"

ಉತ್ತರಕ್ಕೆ ಕಾಯದೆ ಅವರು ವಿಘ್ನೇಶನತ್ತ ತಿರುಗಿದರು. "ಇವರಿಗೆ ಬೇಡ ತಮ್ಮಾ, ಮೇಜಿನ ಕಾಲಿಗೆ ಕೊಡೋಕೆ ಪರದೆ ಮೇಲಿನ ಪುಸ್ತಕ ಬರಲ್ಲ. ನನ್ನ ಹೆಸರು ಬರ್ಕೋ."